ಇಪ್ಪತ್ತಾರರಿಂದ ಭಾಗಿಸಿದರೆ

ಡುಲೂತಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಮೇಜು.
ಮೇಲೆ ಜನ ಹುಟ್ಟುತ್ತಾರೆ, ಸಾಯುತ್ತಾರೆ.
ಕೆಳಗೆ ನಾನು ವರ್ಷಗಳನ್ನು ಹೋಳು ಮಾಡುತ್ತೇನೆ,
ಹದಿನಾಲ್ಕು ದಿನಕ್ಕೊಂದು ಹೋಳು.

ಮಾರ್ಚ್ ಇಪ್ಪತ್ತು, ಶುಕ್ರವಾರ. ಫೋನು.
ಲಾಂಡ್ರಿಯ ಮೇಲ್ವಿಚಾರಕಿ ಲೆಂಪಿ ಹಾಸ್ಕಿವಿ.
ಹಿಂದೆ ಯಂತ್ರಗಳ ಗುಡುಗು,
ಅದಕ್ಕೂ ಮೇಲೆ ಅವಳ ದನಿ:
"ನನ್ನ ಏರಿಕೆಯನ್ನು ಯಾರು ನುಂಗಿದರು?"

ಪತ್ರ ನಾನೇ ಕಳಿಸಿದ್ದೆ, ಫೆಬ್ರವರಿಯಲ್ಲಿ:
ವರ್ಷಕ್ಕೆ ಎರಡು ಸಾವಿರದ ಮುನ್ನೂರ ನಲವತ್ತು ಡಾಲರ್ ಹೆಚ್ಚು.
ಅವಳು ಊಟದ ಮೇಜಿನಲ್ಲೇ ಲಕೋಟೆ ತಿರುಗಿಸಿ
ಹನ್ನೆರಡರಿಂದ ಭಾಗಿಸಿದ್ದಳು. ತಿಂಗಳಿಗೆ ನೂರ ತೊಂಬತ್ತೈದು.
ಮಗನಿಗೆ ಆಗಲೇ ಮಾತು ಕೊಟ್ಟಾಗಿತ್ತು:
ಬಾಡಿಗೆಯ ತುತ್ತೂರಿ ಹಿಂದಿರುಗಿಸಿ ಸ್ವಂತದ್ದೊಂದು ಕೊಳ್ಳೋಣ.

"ಹನ್ನೆರಡಲ್ಲ, ಇಪ್ಪತ್ತಾರು," ಎಂದೆ.
"ಚೀಟಿಗೆ ತೊಂಬತ್ತು. ಲೆಕ್ಕ ಸರಿಯಾಗಿ ಹರಿಯುತ್ತದೆ,
ಶೇಷ ಸೊನ್ನೆ. ಅಪರೂಪ ಅದು."
ಸಂತೋಷದಿಂದ ಹೇಳಿಬಿಟ್ಟೆ, ದಡ್ಡಿ ನಾನು,
ಮಗ್ಗಿ ಒಪ್ಪಿಸಿದ ಹುಡುಗಿಯ ಹಾಗೆ.

"ತೊಂಬತ್ತೆಲ್ಲಿದೆ? ಇಪ್ಪತ್ತೆಂಟು ಇದೆ."

ಸರಿ, ಓದಿದೆ, ಒಂದೊಂದೇ ಸಾಲು.
ತೆರಿಗೆಗಳೆಲ್ಲ ಸೇರಿ ಇಪ್ಪತ್ತನಾಲ್ಕು.
ಪಿಂಚಣಿಗೆ ಆರು.
ಆರೋಗ್ಯ ವಿಮೆಯ ಕಂತೂ ಇದೇ ತಿಂಗಳು ಏರಿದೆ, ಮೂವತ್ತೆರಡು.
"ಅಂದರೆ," ಅವಳು ನಿಧಾನವಾಗಿ, "ಆಸ್ಪತ್ರೆಯಲ್ಲೇ ದುಡಿದು
ಕಾಯಿಲೆ ಬೀಳುವ ಹಕ್ಕಿಗೆ ನಾನೇ ದುಡ್ಡು ಕಟ್ಟಬೇಕು."
ಆ ಸಾಲಿಗೆ ನನ್ನ ಬಳಿ ಕೋಡ್ ಇರಲಿಲ್ಲ.

ಆಮೇಲೆ ಅವಳೇ ಭಾಗಿಸತೊಡಗಿದಳು, ಗಟ್ಟಿಯಾಗಿ.
ಇಪ್ಪತ್ತೆಂಟನ್ನು ಹದಿನಾಲ್ಕರಿಂದ: ದಿನಕ್ಕೆ ಎರಡು ಡಾಲರ್.
ಭಾನುವಾರವೂ ಸೇರಿ, ನಿದ್ದೆಯೂ ಸೇರಿ.
ಎರಡನ್ನು ಇಪ್ಪತ್ತನಾಲ್ಕು ಗಂಟೆಗೆ...
ಅಲ್ಲಿ ಒಂದು ಯಂತ್ರ ನಿಂತಿತು,
ಯಾರೋ "ಲೆಂಪಿ!" ಎಂದು ಕೂಗಿದರು, ಫೋನು ಇಟ್ಟಳು.
ದಶಾಂಶಕ್ಕೆ ಇಳಿಯುವ ಮೊದಲೇ ಉಳಿದುಕೊಂಡಳು.

ನಾನು ಊಟದ ಡಬ್ಬಿ ತೆರೆದು ಮತ್ತೆ ಮುಚ್ಚಿದೆ.
ನನ್ನ ಚೀಟಿಯಲ್ಲೂ ಅದೇ ಮೂವತ್ತೆರಡು,
ಏರಿಕೆ ಮಾತ್ರ ಇಲ್ಲ.

ಸರೋವರದ ಹಿಮ ಒಡೆಯಿತು, ಅದಿರಿನ ಹಡಗುಗಳು ಬಂದವು.
ಏಪ್ರಿಲ್ ಮೂರು, ಹದಿನೇಳು. ಮೇ ಒಂದು, ಹದಿನೈದು.
ನನಗೆ ತಿಂಗಳುಗಳೆಂದರೆ ಇಷ್ಟೇ, ಎರಡೆರಡು ಶುಕ್ರವಾರ.
ಆದರೆ ವರ್ಷ ಬಹಳ ಹಳೆಯ ಕಳ್ಳ,
ಎರಡು ಸಲ ಮೂರನೆಯದೊಂದನ್ನು ತೋಳಿನಲ್ಲಿ ಬಚ್ಚಿಟ್ಟಿರುತ್ತದೆ.

ಮೇ ಇಪ್ಪತ್ತೊಂಬತ್ತು. ಮತ್ತೆ ಲೆಂಪಿ.
ಈ ಸಲ ಯಂತ್ರಗಳ ಸದ್ದಿಲ್ಲ,
ಮೆಟ್ಟಿಲ ಬಳಿ ನಿಂತು ಮಾತಾಡುತ್ತಿರಬೇಕು.
ಪಿಸುದನಿ:
"ನೀವು ತಪ್ಪು ಮಾಡಿದ್ದೀರಿ. ಜಾಸ್ತಿ ಬಂದಿದೆ.
ನೂರ ಹದಿನೆಂಟು ಜಾಸ್ತಿ.
ಮೂರು ಸಲ ಎಣಿಸಿದೆ. ಯಾರಿಗೆ ವಾಪಸ್ ಕೊಡಲಿ?
ನಿಮಗೇನೂ ತೊಂದರೆ ಆಗುವುದಿಲ್ಲ ತಾನೆ?"

ತಪ್ಪಲ್ಲ, ಎಂದೆ.
ವಿಮೆ ಹಿಡಿಯುವುದು ಇಪ್ಪತ್ತನಾಲ್ಕು ಚೀಟಿಗಳಲ್ಲಿ ಮಾತ್ರ.
ಇದು ತಿಂಗಳ ಮೂರನೆಯದು.
ಇದರಲ್ಲಿ ವಿಮೆಯವರ ಕೈ ಇಲ್ಲ.

ಅವಳು ನಂಬಲಿಲ್ಲ. ಮತ್ತೊಮ್ಮೆ ಹೇಳಿದೆ.
ಎಷ್ಟೋ ಹೊತ್ತು ಮಾತಿಲ್ಲ. ಹೊರಗೆ ಸೇತುವೆ ಏಳುವ ಮುನ್ನ
ಹಡಗೊಂದು ಮೂರು ಸಲ ಕೂಗಿತು,
ನನ್ನ ಕಿಟಕಿಯಿಲ್ಲದ ಕೋಣೆಗೂ ಅವಳ ಫೋನಿನಿಂದ ಕೇಳಿಸಿತು.

"ಮತ್ತೆ ಯಾವಾಗ ಹೀಗೆ?"
"ಅಕ್ಟೋಬರ್ ಮೂವತ್ತು."
"ತಾಳಿ, ಬರೆದುಕೊಳ್ಳುತ್ತೇನೆ."
ಪೆನ್ಸಿಲು ಸಿಗಲಿಲ್ಲವೇನೋ, ಜೇಬು ತಡಕುವ ಸದ್ದು,
ನಾಣ್ಯ, ಬೀಗದ ಕೈ, ಯಾವುದೋ ಕಾಗದ.
ನಾನು ಫೋನು ಹಿಡಿದೇ ಕೂತೆ.